ವರದಿಯಿಂದ ಹೊಟ್ಟೆ ತುಂಬುತ್ತದೆಯೇ?

ಮಾನ್ಯರೇ,

ನಿಮ್ಮ ಪತ್ರ ಖಾರವಾಗಿಯೇ ಇದೆ. ‘ನ್ಯಾಯದ ಆರ್ಥಿಕತೆ ಬೇಕಾದರೆ ಹೋರಾಟ ಮಾಡಬೇಕು. ನೀವು ನೋಡಿದರೆ ಸಂಶೋಧನೆ, ನೀತಿ ಅಂತ ಸುಮ್ನೆ ಪುಟ ತುಂಬಿಸುತ್ತೀರಿ. ವರದಿಗಳು ಧೂಳು ತಿನ್ನುತ್ತವೆ, ಅಷ್ಟೇ’ ಎಂದಿದ್ದೀರಿ.

ಧೂಳಿನ ಮಾತು ಸುಳ್ಳಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ಡಾಫಿನ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿ 1970ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ಯಾವ ಕುಟುಂಬದ ಆದಾಯವೂ ಒಂದು ಮಟ್ಟಕ್ಕಿಂತ ಕೆಳಗಿಳಿಯದಂತೆ ಸರ್ಕಾರ ಹಣ ಕೊಟ್ಟಿತು. ಆಮೇಲೆ ಸರ್ಕಾರಗಳು ಬದಲಾದವು. ಅಂತಿಮ ವರದಿಯನ್ನೂ ಬರೆಯದೆ 1979ರಲ್ಲಿ ಎಲ್ಲ ನಿಂತುಹೋಯಿತು. ಕಾಗದಪತ್ರಗಳು ಸುಮಾರು 1,800 ಪೆಟ್ಟಿಗೆಗಳಲ್ಲಿ ಉಗ್ರಾಣ ಸೇರಿದವು.

ಅಂಥ ಪ್ರಯೋಗಗಳಲ್ಲಿ ಆಗ ಎಲ್ಲರ ಪ್ರಶ್ನೆ ಒಂದೇ ಆಗಿತ್ತು: ಹಣ ಕೊಟ್ಟರೆ ಜನ ಕೆಲಸ ಬಿಡುತ್ತಾರಾ? ಎಷ್ಟೋ ವರ್ಷಗಳ ಮೇಲೆ ಎವೆಲಿನ್ ಫೋರ್ಜೆ ಎಂಬ ಅರ್ಥಶಾಸ್ತ್ರಜ್ಞೆ ಬೇರೆಯದನ್ನೇ ಕೇಳಿದರು. ಆ ಜನರ ಆರೋಗ್ಯ ಹೇಗಿತ್ತು? ಹಳೆಯ ಆರೋಗ್ಯ ದಾಖಲೆಗಳನ್ನು ತೆಗೆದು ನೋಡಿದರು. ಈ ಹಣ ಸಿಗದ, ಉಳಿದಂತೆ ಅವರಂಥದ್ದೇ ಜನರಿಗೆ ಹೋಲಿಸಿದರೆ ಡಾಫಿನ್‌ನವರು ಆಸ್ಪತ್ರೆ ಸೇರುವುದು ಶೇ 8.5ರಷ್ಟು ಕಡಿಮೆಯಾಗಿತ್ತು. ಅಪಘಾತ, ಗಾಯ, ಮಾನಸಿಕ ಕಾಯಿಲೆಗಳಲ್ಲಿ ಇಳಿಕೆ ಎದ್ದು ಕಾಣುತ್ತಿತ್ತು. ಇದು ಪ್ರಕಟವಾಗಿದ್ದು 2011ರಲ್ಲಿ. ಅಷ್ಟು ಕಾಲ ಯಾರೂ ಕೇಳದೇ ಇದ್ದದ್ದಕ್ಕೆ ಸಂಶೋಧನೆಯನ್ನೇ ದೂರಿದರೆ ಹೇಗೆ?

ಇನ್ನು ಹೋರಾಟದ ಮಾತು. ಕೂಲಿ ಹೆಚ್ಚಿಸಿ ಅಂತ ಕೇಳಿದಾಗಲೆಲ್ಲ ಬರುವ ಉತ್ತರ ನಿಮಗೂ ಗೊತ್ತು: ಹೆಚ್ಚಿಸಿದರೆ ಕೆಲಸವೇ ಹೋಗುತ್ತದೆ. ಬಹಳ ಕಾಲ ಪಠ್ಯಪುಸ್ತಕಗಳೂ ಇದನ್ನೇ ಹೇಳುತ್ತಿದ್ದವು. ಘೋಷಣೆ ಕೂಗಿದರೆ ಇದಕ್ಕೆ ಉತ್ತರವಾಗುವುದಿಲ್ಲ. ಎಣಿಸಿಯೇ ತೋರಿಸಬೇಕು.

ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎಣಿಸಿದರು. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಇಬ್ಬರೂ ಸೇರಿ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಏರಿಕೆಗೆ ಮೊದಲು ಒಮ್ಮೆ, ನಂತರ ಒಮ್ಮೆ ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಸುಳಿವೇ ಸಿಗಲಿಲ್ಲ. 1994ರಲ್ಲಿ ಇದು ಪ್ರಕಟವಾದಾಗ ದೊಡ್ಡ ಜಗಳವೇ ನಡೆಯಿತು. ಲೆಕ್ಕ ತಪ್ಪು ಎಂದು ಕೆಲವರು ಸಂಬಳದ ಪಟ್ಟಿಗಳನ್ನೇ ತಂದರು. ಕಾರ್ಡ್, ಕ್ರೂಗರ್ 2000ದಲ್ಲಿ ಸರ್ಕಾರಿ ದಾಖಲೆಗಳನ್ನು ಹಿಡಿದು ಮರುಉತ್ತರ ಕೊಟ್ಟರು. (ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.)

ಹಾಗಂತ ಎಷ್ಟು ಬೇಕಾದರೂ ಏರಿಸಿ ಅಂತಲೂ ಈ ಅಧ್ಯಯನ ಹೇಳುವುದಿಲ್ಲ. ಎಷ್ಟು ಎನ್ನುವುದನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ.

ಬ್ರಿಟನ್ನಿನ ಕಡಿಮೆ ಕೂಲಿ ಆಯೋಗ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅದರಲ್ಲಿ ಒಂಬತ್ತು ಜನ. ಕಾರ್ಮಿಕ ಸಂಘಗಳ ಕಡೆಯಿಂದ ಮೂವರು, ಮಾಲೀಕರ ಕಡೆಯಿಂದ ಮೂವರು, ಉಳಿದ ಮೂವರು ಎರಡೂ ಕಡೆ ಸೇರದವರು. ಸಂಶೋಧನೆ ಮಾಡಿಸುತ್ತಾರೆ, ಎಲ್ಲ ಕಡೆಯವರ ಮಾತು ಕೇಳುತ್ತಾರೆ, ವಾದ ಮಾಡುತ್ತಾರೆ, ಆಮೇಲೆ ಕೂಲಿ ಎಷ್ಟಿರಬೇಕು ಎಂದು ಸರ್ಕಾರಕ್ಕೆ ಶಿಫಾರಸು ಮಾಡುತ್ತಾರೆ. ಅಲ್ಲಿನ ಕನಿಷ್ಠ ಕೂಲಿ 1999ರ ಏಪ್ರಿಲ್‌ನಲ್ಲಿ ಗಂಟೆಗೆ 3.60 ಪೌಂಡ್‌ನಿಂದ ಶುರುವಾಯಿತು. ಲಕ್ಷಾಂತರ ಕೆಲಸ ಹೋಗುತ್ತದೆ ಎಂದು ಹೆದರಿಸಿದವರಿದ್ದರು. ಹಾಗಾಗಲಿಲ್ಲ. ಅಲ್ಲಿ ಕೂಲಿಕಾರರ ಕಡೆಯವರಿಗೂ ಕುರ್ಚಿ ಇದೆ, ಆದ್ದರಿಂದ ಯಾವ ಪ್ರಶ್ನೆ ಕೇಳಬೇಕು ಎನ್ನುವುದರಲ್ಲಿ ಅವರಿಗೂ ಪಾಲಿದೆ. ಡಾಫಿನ್‌ನಲ್ಲಿ ಇಲ್ಲದೇ ಹೋದದ್ದು ಇದೇ ಅಲ್ವಾ?

ನೀವು ಹೇಳುವ ಹೋರಾಟ ಕೂಲಿಯ ಜೊತೆಗೆ ಈ ಕುರ್ಚಿಯನ್ನೂ ಕೇಳಲಿ ಎಂಬುದು ನನ್ನ ವಾದ. ನೀತಿ ಬರೆಯುವವರ ಮುಂದೆ ಯಾರ ಲೆಕ್ಕ ಇರುತ್ತದೋ ಅವರ ಮಾತು ನಡೆಯುತ್ತದೆ. ಕಂಪನಿಗಳಿಗೆ ಲೆಕ್ಕ ಹಾಕಿಕೊಡುವವರು ಯಾವಾಗಲೂ ಸಿಗುತ್ತಾರೆ. ಆದ್ದರಿಂದ ಸಂಶೋಧನೆಯ ಪುಟಗಳನ್ನು ನಿಲ್ಲಿಸುವುದಿಲ್ಲ. ಒಪ್ಪದಿದ್ದರೆ ಖಂಡಿತ ಇನ್ನೊಂದು ಪತ್ರ ಬರೆಯಿರಿ.

— ಸಂಪಾದಕ