ಮನೆಯಲ್ಲೇ ಕಲಿಯುವ ಮಗುವಿನ ದಿನದ ಕೆಲಸ

ಪ್ರಶ್ನೆ: ಮಾನ್ಯರೇ, ನಮ್ಮ ಹತ್ತು ವರ್ಷದ ಮಗನನ್ನು ಕಳೆದ ಜೂನ್‌ನಿಂದ ಮನೆಯಲ್ಲೇ ಓದಿಸುತ್ತಿದ್ದೇವೆ. ಆರು ವರ್ಷದ ಮಗಳೂ ಜೊತೆಗೆ ಕೂರುತ್ತಾಳೆ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ 40 ನಿಮಿಷದ ಪಿರಿಯಡ್‌ಗಳಂತೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಆದರೆ ಒಂದು ದಿನವೂ ಅದರಂತೆ ನಡೆದಿಲ್ಲ. ಉಳಿದ ಲೆಕ್ಕಗಳನ್ನು ಮರುದಿನಕ್ಕೆ ಹಾಕಿ ಹಾಕಿ ಎರಡು ವಾರದ ಬಾಕಿ ಸೇರಿದೆ. ಒಂದು ಕೆಲಸ ಮುಗಿದ ಕೂಡಲೇ "ಮುಂದೇನಮ್ಮ?" ಎಂದು ಅಡುಗೆಮನೆಗೆ ಬರುತ್ತಾನೆ, ನಾನು ಒಗ್ಗರಣೆ ಇಳಿಸಿ ಬರುವಷ್ಟರಲ್ಲಿ ಅಂಗಳದಲ್ಲಿರುತ್ತಾನೆ. ದಿನದ ಕೆಲಸವನ್ನು ಹೇಗೆ ಹೊಂದಿಸಲಿ?
– ಒಬ್ಬ ತಾಯಿ, ಸಾಗರ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ಮುಂದೇನಮ್ಮ?" ಎಂಬ ಮಾತು. ನಿಮ್ಮ ಮಗ ಸೋಮಾರಿಯಲ್ಲ, ಕೆಲಸ ಕೇಳಿಕೊಂಡು ಬರುತ್ತಿದ್ದಾನೆ. ಆದರೆ ಅವನ ದಿನದ ಕೆಲಸವೆಲ್ಲ ನಿಮ್ಮ ತಲೆಯೊಳಗಿದೆ; ಗೋಡೆಯ ಮೇಲಿನ ಪಟ್ಟಿಯಲ್ಲಿರುವುದು ಬರೀ ಗಂಟೆ. ಶಾಲೆಯಲ್ಲಿ ಪಿರಿಯಡ್ ಬೇಕಾಗುವುದು ಶಿಕ್ಷಕರು ಇನ್ನೊಂದು ತರಗತಿಗೆ ಹೋಗಬೇಕಾಗಿರುವುದರಿಂದ. ನಿಮ್ಮ ಮನೆಯಲ್ಲಿ ಆ ಅಗತ್ಯವಿಲ್ಲ. ಆ ಪಟ್ಟಿಯನ್ನು ಇಂದೇ ತೆಗೆದುಬಿಡಿ.

ನಾನು ಹಲವು ವರ್ಷ ನಲಿ-ಕಲಿ ತರಗತಿ ನಡೆಸಿದವಳು. ಆಂಧ್ರಪ್ರದೇಶದ ಋಷಿ ಕಣಿವೆಯ (ರಿಷಿ ವ್ಯಾಲಿ) ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭಿಸಿದ ಪದ್ಧತಿ ಅದು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ, ಶಿಕ್ಷಕರು ಒಬ್ಬರೇ. ಆದರೂ "ಮುಂದೇನು?" ಎಂದು ಕೇಳುವ ಮಗು ಅಲ್ಲಿ ಅಪರೂಪ, ಏಕೆಂದರೆ ಮಗು ಕಲಿಕಾ ಏಣಿಯ, ಅಂದರೆ ಕಲಿಯಬೇಕಾದ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಪಟದ, ಮುಂದೆ ನಿಂತು, ತಾನಿರುವ ಮೆಟ್ಟಿಲನ್ನು ಬೆರಳಿಟ್ಟು ನೋಡಿ, ಅಲ್ಲಿನ ಚಿತ್ರದ ಗುರುತಿರುವ ಕಾರ್ಡನ್ನು ತಾನೇ ತಂದು, ಅದಕ್ಕೆ ಸೇರಿದ ಗುಂಪಿನಲ್ಲಿ ಕೂರುತ್ತದೆ. ಗುಂಪುಗಳು ಐದು: ಪೂರ್ತಿಯಾಗಿ ಶಿಕ್ಷಕರ ಬೆಂಬಲ ಬೇಕಾದ ಕೆಲಸದಿಂದ ಹಿಡಿದು, ಸಹಪಾಠಿಗಳ ಬೆಂಬಲದ್ದನ್ನು ದಾಟಿ, ಸ್ವಕಲಿಕೆಯವರೆಗೆ. ನಿಮ್ಮ ಮನೆಗೂ ಬೇಕಾದದ್ದು ಇದೇ ವಿಂಗಡಣೆ, ಸ್ವಲ್ಪ ಚಿಕ್ಕದಾಗಿ.

ಮೂರು ತಟ್ಟೆಗಳನ್ನಿಡಿ: "ಅಮ್ಮನ ಜೊತೆ", "ಅಮ್ಮ ಶುರು ಮಾಡಿಕೊಟ್ಟದ್ದು", "ನಾನೇ". ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿದರೆ ಗಟ್ಟಿಯಾದ ಕಾರ್ಡುಗಳಾಗುತ್ತವೆ. ರಾತ್ರಿ ಊಟವಾದ ಮೇಲೆ, ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮರುದಿನಕ್ಕೆ ಆರೇ ಆರು ಕಾರ್ಡು ಬರೆಯಿರಿ. ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಅಡಗಿದೆ. "ಗಣಿತ" ಎಂದು ಬರೆದ ಕಾರ್ಡು ಯಾವಾಗ ಮುಗಿಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. "ಭಿನ್ನರಾಶಿ ಕೂಡುವ ಲೆಕ್ಕ 1ರಿಂದ 6, ನಾಲ್ಕನೆಯದನ್ನು ಚಿತ್ರ ಬರೆದು ತೋರಿಸು" ಎಂದಿದ್ದರೆ ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂಬುದು ಅವನಿಗೇ ತಿಳಿಯುತ್ತದೆ. ಮುಗಿದ ಕಾರ್ಡನ್ನು ಡಬ್ಬಿಗೆ ಹಾಕುವ ಹಕ್ಕು ಅವನದು. ಕಾರ್ಡು ಡಬ್ಬಿಯ ತಳಕ್ಕೆ ಬಿದ್ದಾಗ ಆಗುವ ಆ ಸಣ್ಣ ಸದ್ದು ಮಕ್ಕಳಿಗೆ ಎಷ್ಟು ಪ್ರಿಯವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಅಮ್ಮನ ಜೊತೆ" ತಟ್ಟೆಯಲ್ಲಿ ದಿನಕ್ಕೆ ಎರಡಕ್ಕಿಂತ ಹೆಚ್ಚು ಕಾರ್ಡು ಬೇಡ. ತಿಂಡಿ ಮುಗಿದ ಕೂಡಲೇ ಅವನ್ನು ಮುಗಿಸಿ, ಆ ಹೊತ್ತಿನಲ್ಲಿ ನೀವು ಒಲೆಯ ಕಡೆಗೆ ಏಳಬೇಡಿ. ಅಡುಗೆಯ ಹೊತ್ತು "ನಾನೇ" ತಟ್ಟೆಗೆ. ಮಗಳಿಗೆ ಕಥೆ ಓದಿ ಹೇಳುವುದೂ ಅವನ ಒಂದು ಕಾರ್ಡಾಗಲಿ. ಅವನ ಗಟ್ಟಿ ಓದು ಮತ್ತು ಅವಳ ಕೇಳುವಿಕೆ ಎರಡೂ ಒಟ್ಟಿಗೆ ಆಗುತ್ತವೆ.

ಇನ್ನು ಬಾಕಿಯ ವಿಷಯ. ಅದನ್ನು ಸಾಲದಂತೆ ತೀರಿಸಲು ಹೋಗಬೇಡಿ. ಪ್ರತಿಯೊಂದು ಬಗೆಯ ಲೆಕ್ಕದಲ್ಲಿ ಎರಡೆರಡನ್ನು ಮಾತ್ರ ಕೊಟ್ಟು ನೋಡಿ. ಅವು ಬಂದರೆ ಉಳಿದವನ್ನು ಕೈಬಿಡಿ. ಮುಂದೆಯೂ ಮುಗಿಯದ ಕಾರ್ಡನ್ನು ಮರುದಿನ ಒಮ್ಮೆ ಇಡಬಹುದು. ಮೂರನೆಯ ದಿನವೂ ಅದು ಹಾಗೆಯೇ ಉಳಿದರೆ ಗದರಬೇಡಿ, ತಪ್ಪು ಕಾರ್ಡಿನದು: ಕೆಲಸ ಅತಿ ದೊಡ್ಡದಾಗಿದೆ, ಇಲ್ಲವೇ ಕೆಳಗಿನ ಒಂದು ಮೆಟ್ಟಿಲು ತಪ್ಪಿದೆ. ಭಾಗಾಕಾರ ಬಾರದೆ ಅಳುತ್ತಿದ್ದ ಹುಡುಗನೊಬ್ಬನಿಗೆ ನಿಜವಾಗಿ ಬಾರದಿದ್ದದ್ದು ಏಳರ ಮಗ್ಗಿ. ಅದು ತಿಳಿಯಲು ನನಗೆ ಒಂದು ವಾರವೇ ಹಿಡಿಯಿತು.

ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಕೆಲಸವನ್ನು ಹಗ್ಗಕ್ಕೆ ತೂಗುಹಾಕುವ ಕಲಿಕಾ ಚಪ್ಪರವಿರುತ್ತದೆ. ನೀವೂ ಪಡಸಾಲೆಯಲ್ಲಿ ಒಂದು ಹಗ್ಗ ಕಟ್ಟಿ. ಶನಿವಾರ ಕಾರ್ಡು ಬೇಡ. ಅಂದು ಹಗ್ಗದಿಂದ ಇಳಿಸಿದ ಹಾಳೆಗಳಿಗೆ ದಿನಾಂಕ ಹಾಕಿ ಫೈಲಿಗೆ ಸೇರಿಸುವುದೇ ಇಬ್ಬರ ಕೆಲಸ.

ಪ್ರಶ್ನೆ: ಮನೆಯಲ್ಲೇ ಓದುತ್ತಿರುವ ಮಗಳಿಗೆ ಈಗ 13 ವರ್ಷ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿ ಕಟ್ಟಿಸುವ ಯೋಚನೆಯಿದೆ. ದಿನಚರಿಯನ್ನು ಈಗಿನಿಂದಲೇ ಬದಲಿಸಬೇಕೇ?
– ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಸೆಕೆಂಡರಿ, ಅಂದರೆ ಹತ್ತನೆಯ ತರಗತಿಯ ಪ್ರವೇಶಕ್ಕೆ 14 ವರ್ಷ ತುಂಬಿರಬೇಕು, ಆದ್ದರಿಂದ ನಿಮ್ಮ ಕೈಯಲ್ಲಿ ಸಮಯವಿದೆ. ಕನಿಷ್ಠ ಐದು ವಿಷಯಗಳನ್ನು ತೆಗೆದುಕೊಳ್ಳಬೇಕಾದರೂ ಎಲ್ಲವನ್ನೂ ಒಂದೇ ಸಲಕ್ಕೆ ಬರೆಯಬೇಕೆಂಬ ಕಡ್ಡಾಯವಿಲ್ಲ; ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಹಾಗಾಗಿ ದಿನಕ್ಕೆ ಐದು ವಿಷಯ ತುರುಕುವುದಕ್ಕಿಂತ ಎರಡನ್ನು ಹಿಡಿದು ನಿಧಾನವಾಗಿ ಓದಲಿ. ಪ್ರವೇಶವಾದ ಮೇಲೆ ಪ್ರತಿ ವಿಷಯಕ್ಕೂ ಮೌಲ್ಯಾಂಕನಕ್ಕೆ ಸಲ್ಲಿಸುವ ಬರಹದ ನಿಯೋಜನೆಗಳಿರುತ್ತವೆ. ಅವನ್ನು ಕೊನೆಯ ವಾರಕ್ಕೆ ಬಿಡದೆ, ಪಾಠ ಮುಗಿದ ದಿನವೇ ಅದಕ್ಕೆ ಸೇರಿದ ಉತ್ತರದ ಕರಡನ್ನು ಅವಳು ತನ್ನ ಕೈಯಿಂದಲೇ ಬರೆದಿಡಲಿ. ಮರುದಿನದ ಕೆಲಸಗಳನ್ನು ಹಿಂದಿನ ರಾತ್ರಿ ಪಟ್ಟಿ ಮಾಡುವುದನ್ನು ಈ ವಯಸ್ಸಿನಲ್ಲಿ ಪೂರ್ತಿ ಅವಳಿಗೇ ಬಿಡಿ, ನೀವು ಓದಿ ನೋಡಿದರೆ ಸಾಕು.