ಹಿಚ್‌ಕಾಕ್ ನೋಡಲು ಎಲ್ಲಿಂದ ಶುರು ಮಾಡಬೇಕು?

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಸಿನಿಮಾಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ‘ಸೈಕೋ’ ಬಗ್ಗೆಯೇ ಜಾಸ್ತಿ ಪ್ರಶ್ನೆ ಬಂದಿವೆ, ಅದು ಗೊತ್ತಿದ್ದದ್ದೇ. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇನೆ. ‘ಸೈಕೋ’, ‘ವರ್ಟಿಗೋ’ ಎರಡನ್ನೂ ನೋಡಿಲ್ಲದವರು ಆ ಎರಡು ಉತ್ತರಗಳನ್ನು ಹಾರಿಸಿ ಮುಂದಕ್ಕೆ ಹೋಗಿಬಿಡಿ. ಗುಟ್ಟು ಬಿಟ್ಟುಕೊಟ್ಟೆ ಅಂತ ಆಮೇಲೆ ನನ್ನ ಮೇಲೆ ಸಿಟ್ಟಾಗಬೇಡಿ.

ನಾನು ನೋಡಿರೋದು ‘ಸೈಕೋ’ ಒಂದೇ ಸರ್. ಹಿಚ್‌ಕಾಕ್ 50ಕ್ಕೂ ಹೆಚ್ಚು ಸಿನಿಮಾ ಮಾಡಿದ್ದಾನಂತೆ. ಇಸವಿ ಪ್ರಕಾರ ನೋಡಿಕೊಂಡು ಹೋಗಬೇಕಾ?
(ಶಿವಮೊಗ್ಗದ ಓದುಗರು)

ಬೇಡ. ಹಾಗೆ ಹೊರಟವರು ಮೂಕಿ ಚಿತ್ರಗಳ ಕಾಲದಲ್ಲೇ ಸುಸ್ತಾಗಿ ನಿಂತುಬಿಡುತ್ತಾರೆ. 1925ರಲ್ಲಿ ಶೂಟಿಂಗ್ ಮಾಡಿದ ಮೊದಲ ಚಿತ್ರದಿಂದ 1976ರ ‘ಫ್ಯಾಮಿಲಿ ಪ್ಲಾಟ್’ವರೆಗೆ ಐವತ್ತು ವರ್ಷದ ಕೆಲಸ ಅದು. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ.

1954ರ ‘ರಿಯರ್ ವಿಂಡೋ’ದಿಂದ ಶುರು ಮಾಡಿ. ಕಾಲು ಮುರಿದುಕೊಂಡ ಒಬ್ಬ ಫೋಟೋಗ್ರಾಫರ್ ಕಿಟಕಿ ಪಕ್ಕ ಕೂತು ಎದುರು ಕಟ್ಟಡದವರನ್ನು ನೋಡುತ್ತಾನೆ. ಅಲ್ಲೊಬ್ಬ ಹೆಂಡತಿಯನ್ನು ಕೊಂದಿದ್ದಾನೆ ಅಂತ ಅವನ ಅನುಮಾನ. ಇಷ್ಟೇ ಕತೆ. ಇದಕ್ಕಾಗಿ ಪ್ಯಾರಾಮೌಂಟ್ ಸ್ಟುಡಿಯೋ ಒಳಗೆ 31 ಮನೆಗಳಿರುವ ಒಂದು ಅಂಗಳವನ್ನೇ ಕಟ್ಟಿದ್ದರು. ಫೋಟೋಗ್ರಾಫರನ ಪ್ರೇಯಸಿ ಗ್ರೇಸ್ ಕೆಲ್ಲಿ ಸಾಕ್ಷಿ ಹುಡುಕಲು ಆ ಮನೆಯೊಳಗೆ ನುಗ್ಗಿದ್ದಾಳೆ, ಮನೆಯವನು ವಾಪಸ್ ಬರುತ್ತಿದ್ದಾನೆ, ನಮಗೆ ಇಬ್ಬರೂ ಕಾಣುತ್ತಿದ್ದಾರೆ, ಅವಳಿಗೆ ಮಾತ್ರ ಅವನು ಕಾಣುತ್ತಿಲ್ಲ, ಫೋಟೋಗ್ರಾಫರ್ ಜೇಮ್ಸ್ ಸ್ಟುವರ್ಟ್ ಇತ್ತ ಕುರ್ಚಿಯಲ್ಲಿ ಕೂತಲ್ಲೇ ಒದ್ದಾಡುತ್ತಿದ್ದಾನೆ. ಅವನೂ ನಾವೂ ಒಂದೇ ಸ್ಥಿತಿಯಲ್ಲಿದ್ದೇವೆ, ಅಲ್ವಾ? ನೋಡಬಹುದು, ಏನೂ ಮಾಡೋಕಾಗಲ್ಲ.

ಆಮೇಲೆ 1943ರ ‘ಷಾಡೋ ಆಫ್ ಎ ಡೌಟ್’. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಅನ್ನೋ ಪುಟ್ಟ ಊರು. ಅಕ್ಕನ ಮನೆಗೆ ತಮ್ಮ ಬರುತ್ತಾನೆ. ಮಕ್ಕಳಿಗೆಲ್ಲ ಇಷ್ಟವಾದ ಸೋದರಮಾವ. ಅವನ ರೈಲು ಸ್ಟೇಷನ್ನಿಗೆ ಬರುವಾಗ ಕಪ್ಪು ಹೊಗೆ ಇಡೀ ಪ್ಲಾಟ್‌ಫಾರ್ಮಿನ ಮೇಲೆ ಕವಿಯುತ್ತದೆ. ಆಸಾಮಿ ಸರಿಯಿಲ್ಲ ಅಂತ ನಮಗೆ ಅಷ್ಟರಲ್ಲೇ ಗೊತ್ತು. ಮನೆಯವರಿಗೆ ಗೊತ್ತಿಲ್ಲ. ಸಂಜೆ ಊಟದ ಮೇಜಿನ ಮಾತುಗಳೇ ಮೈ ಜುಮ್ಮೆನಿಸುತ್ತವೆ. ನನ್ನನ್ನು ಕೇಳಿದರೆ ‘ಸೈಕೋ’ಗಿಂತ ಇದು ಒಂದು ಕೈ ಮೇಲು.

ಗುಟ್ಟನ್ನು ಮೊದಲೇ ಹೇಳಿಬಿಟ್ಟರೆ ಕುತೂಹಲ ಎಲ್ಲಿಂದ ಬರುತ್ತೆ? ಕೊಲೆಗಾರ ಯಾರು ಅಂತ ಕೊನೆಗೆ ಗೊತ್ತಾದರೇ ಚೆಂದ ಅಲ್ಲವೇ?
(ಧಾರವಾಡದ ಓದುಗರು)

ನಿಮ್ಮದು ಪತ್ತೇದಾರಿ ಕಾದಂಬರಿ ಓದುವವರ ಅಭ್ಯಾಸ. ಹಿಚ್‌ಕಾಕ್‌ಗೆ ಅದರಲ್ಲಿ ಅಂಥ ಆಸಕ್ತಿ ಇರಲಿಲ್ಲ. ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆ 1962ರಲ್ಲಿ ದಿನಗಟ್ಟಲೆ ಮಾತಾಡಿದಾಗ ಹಿಚ್‌ಕಾಕ್ ಕೊಟ್ಟ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು. ಮೇಜಿನ ಕೆಳಗೆ ಬಾಂಬ್ ಇದೆ. ಅದು ಯಾರಿಗೂ ಗೊತ್ತಿಲ್ಲದೆ ಸಿಡಿದರೆ ಪ್ರೇಕ್ಷಕ ಹದಿನೈದು ಸೆಕೆಂಡು ಬೆಚ್ಚುತ್ತಾನೆ. ಬಾಂಬ್ ಇದೆ, ಇನ್ನು ಹದಿನೈದು ನಿಮಿಷಕ್ಕೆ ಸಿಡಿಯುತ್ತೆ ಅಂತ ಪ್ರೇಕ್ಷಕನಿಗೆ ಮಾತ್ರ ತಿಳಿಸಿ, ಮೇಜಿನ ಸುತ್ತ ಕೂತವರು ಸುಮ್ನೆ ಹರಟೆ ಹೊಡೆಯುತ್ತಿದ್ದರೆ ಹದಿನೈದು ನಿಮಿಷ ಚಡಪಡಿಸುತ್ತಾನೆ.

ಹೇಳುವುದು ಸುಲಭ, ಮಾಡಿದ್ದನ್ನು ನೋಡಬೇಕಾದರೆ 1946ರ ‘ನಟೋರಿಯಸ್’ ಹಾಕಿ. ದೊಡ್ಡ ಬಂಗಲೆಯಲ್ಲಿ ಪಾರ್ಟಿ ನಡೀತಿದೆ. ಕ್ಯಾಮೆರಾ ಮೇಲಿನ ಮಹಡಿಯಿಂದ ಇಡೀ ಹಜಾರ ತೋರಿಸಿ, ನಿಧಾನಕ್ಕೆ ಕೆಳಗಿಳಿದು, ಜನರ ನಡುವೆ ನಿಂತಿರುವ ಇಂಗ್ರಿಡ್ ಬರ್ಗ್‌ಮನ್ ಮುಷ್ಟಿಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಮುಷ್ಟಿಯಲ್ಲಿ ಒಂದು ಕೀಲಿಕೈ. ಗಂಡನ ಗೊಂಚಲಿನಿಂದ ಕದ್ದದ್ದು, ನೆಲಮಾಳಿಗೆಯ ಮದ್ಯದ ಕೋಣೆಯದು. ಇದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗೋದು ಆಮೇಲಿನ ಷಾಂಪೇನ್ ಬಾಟಲಿಗಳು. ಅವಳೂ ಅವಳ ಜೊತೆಗಾರ ಗೂಢಚಾರ ಕ್ಯಾರಿ ಗ್ರಾಂಟೂ ಆ ಕೋಣೆಯಲ್ಲಿ ಹುಡುಕಾಡುವ ಹೊತ್ತಿಗೆ ಮೇಲೆ ಐಸ್ ಬಕೆಟ್ಟಿನಲ್ಲಿ ಬಾಟಲಿ ಒಂದೊಂದೇ ಖಾಲಿ. ಷಾಂಪೇನ್ ಮುಗಿದರೆ ಗಂಡ ಇನ್ನಷ್ಟು ತರಲು ಕೆಳಗೆ ಇಳಿಯಲೇಬೇಕು. ಗಡಿಯಾರ ತೋರಿಸಬೇಕಾದ ಜಾಗದಲ್ಲಿ ಬಾಟಲಿ ತೋರಿಸುತ್ತಾನೆ, ಅಷ್ಟೇ.

ಇದೇ ಸೂತ್ರ ಒಮ್ಮೆ ಕೈ ಕೊಟ್ಟದ್ದೂ ಇದೆ. 1936ರ ‘ಸಾಬೊಟಾಜ್’ನಲ್ಲಿ ಒಬ್ಬ ಹುಡುಗ ಬಾಂಬ್ ಇರುವ ಪೊಟ್ಟಣವನ್ನು ಏನೂ ಗೊತ್ತಿಲ್ಲದೆ ಹೊತ್ತು ಲಂಡನ್ ಸುತ್ತುತ್ತಾನೆ. ದಾರಿಯಲ್ಲಿ ಟೂತ್‌ಪೇಸ್ಟ್ ಮಾರುವವನು ತಡೆಯುತ್ತಾನೆ, ಮೆರವಣಿಗೆ ಅಡ್ಡ ಬರುತ್ತದೆ, ಹೊತ್ತು ಮೀರುತ್ತದೆ. ಬಸ್ಸಿನಲ್ಲಿ ಬಾಂಬ್ ಸಿಡಿದು ಹುಡುಗ ಸಾಯುತ್ತಾನೆ. ಪ್ರೇಕ್ಷಕರು ಸಿಟ್ಟಿಗೆದ್ದರು. ಅಷ್ಟೊತ್ತು ಜೀವ ಬಿಗಿಹಿಡಿದು ಕೂತವರಿಗೆ ಬಿಡುಗಡೆಯೇ ಸಿಗಲಿಲ್ಲ. ಅದು ತಪ್ಪಾಯಿತು ಅಂತ ಹಿಚ್‌ಕಾಕೇ ತ್ರುಫೋ ಹತ್ತಿರ ಒಪ್ಪಿಕೊಂಡಿದ್ದಾನೆ.

ಮೂಕಿ ಕಾಲದ ಚಿತ್ರಗಳನ್ನು ಈಗ ನೋಡಲು ಸಾಧ್ಯವೇ? ಬೋರ್ ಆಗಲ್ವಾ?
(ಉಡುಪಿಯ ಓದುಗರು)

ಎಲ್ಲವೂ ಬೇಡ. ‘ದಿ ಲಾಡ್ಜರ್’ (1927) ಒಂದು ಸಾಕು. ಬಾಡಿಗೆಗೆ ಬಂದವನು ಕೊಲೆಗಾರನಿರಬಹುದು ಎಂದು ಮನೆಯವರಿಗೆ ಶಂಕೆ. ಅವನು ಮೇಲಿನ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾನೆ. ಮೂಕಿ ಚಿತ್ರದಲ್ಲಿ ಹೆಜ್ಜೆ ಸಪ್ಪಳ ಕೇಳಿಸೋದು ಹೇಗೆ? ದಪ್ಪ ಗಾಜಿನ ನೆಲ ಮಾಡಿಸಿ, ಕೆಳಗಿನಿಂದ ಅವನ ಅಂಗಾಲು ತೋರಿಸಿದ್ದಾನೆ. ಆಮೇಲೆ 1929ರ ‘ಬ್ಲ್ಯಾಕ್‌ಮೇಲ್’. ಅದು ಮೂಕಿಯಾಗಿ ಶುರುವಾಗಿ ಟಾಕಿಯಾದ ಚಿತ್ರ. ಆತ್ಮರಕ್ಷಣೆಗೆ ಚಾಕು ಹಾಕಿದ ಹುಡುಗಿ ಮರುದಿನ ಬೆಳಗ್ಗೆ ತಿಂಡಿಗೆ ಕೂತಾಗ, ಪಕ್ಕದ ಹೆಂಗಸಿನ ವಟವಟದಲ್ಲಿ ‘ಚಾಕು’ ಒಂದನ್ನು ಬಿಟ್ಟು ಬೇರೆಲ್ಲ ಕಲಸಿಹೋಗುತ್ತದೆ. ಧ್ವನಿ ಬಂದ ಶುರುವಿನಲ್ಲೇ ಈ ಕಿತಾಪತಿ!

‘ಸೈಕೋ’ ಸ್ನಾನದ ಮನೆಯ ದೃಶ್ಯದ ಬಗ್ಗೆ ಹೇಳಿ. ಅದರಲ್ಲಿ ರಕ್ತವೇ ಅಲ್ಲ, ಚಾಕೊಲೇಟ್ ಅಂತೆ?
(ಮೈಸೂರು, ಬಳ್ಳಾರಿ, ಮಸ್ಕತ್... ಪಟ್ಟಿ ದೊಡ್ಡದಿದೆ)

ಹೌದು, ಚಾಕೊಲೇಟ್ ಸಿರಪ್. ಕಪ್ಪು ಬಿಳುಪು ಚಿತ್ರವಾದ್ದರಿಂದ ನಡೆಯಿತು. ಮುಕ್ಕಾಲು ನಿಮಿಷದ ಆ ಕೊಲೆಯ ಶೂಟಿಂಗಿಗೆ ಒಂದು ವಾರ ಹಿಡಿಯಿತು. ಇಡೀ ಚಿತ್ರ ಮುಗಿದದ್ದು ಮಾತ್ರ ಸುಮಾರು 8 ಲಕ್ಷ ಡಾಲರಿನಲ್ಲಿ. ಹಾಲಿವುಡ್ ಲೆಕ್ಕಕ್ಕೆ ಆಗಲೂ ಅದು ಚಿಲ್ಲರೆ. ತನ್ನ ಟಿವಿ ಧಾರಾವಾಹಿಯ ತಂಡವನ್ನೇ ಇಟ್ಟುಕೊಂಡು ಬೇಗ ಬೇಗ ಮುಗಿಸಿದ. ಆ ದೃಶ್ಯಕ್ಕೆ ಸಂಗೀತ ಬೇಡ ಅಂತಿದ್ದ. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಕೇಳಲಿಲ್ಲ, ಬರೀ ತಂತಿವಾದ್ಯಗಳಲ್ಲಿ ಆ ಕಿರಿಚಾಟ ಬರೆದು ತಂದು ಕೇಳಿಸಿದ. ಹಿಚ್‌ಕಾಕ್ ಸೋತ. ಒಳ್ಳೇದಾಯ್ತು.

ಆದರೆ ನನಗೆ ಮುಖ್ಯ ಅನಿಸೋದು ಆಮೇಲಿನ ಹತ್ತು ನಿಮಿಷ. ಅದರ ಬಗ್ಗೆ ಯಾರೂ ಕೇಳಿಲ್ಲ ನೋಡಿ! ನಾಯಕಿ ಅಂತ ನಾವು ನಂಬಿದ್ದ ಜಾನೆಟ್ ಲೀ ಅರ್ಧ ಸಿನಿಮಾಕ್ಕೆ ಮೊದಲೇ ಹೋಗಿಬಿಟ್ಟಳು. ಇನ್ನು ಯಾರ ಜೊತೆ ಕತೆ ನೋಡೋದು? ಮೋಟೆಲ್ ನಡೆಸುವ ನಾರ್ಮನ್ ಬರುತ್ತಾನೆ, ನೆಲ ಒರೆಸುತ್ತಾನೆ, ಹೆಣವನ್ನು ಪರದೆಯಲ್ಲಿ ಸುತ್ತಿ ಕಾರಿನ ಡಿಕ್ಕಿಗೆ ಹಾಕುತ್ತಾನೆ. ಅವಳು ಕದ್ದು ತಂದ 40,000 ಡಾಲರ್ ಇದ್ದ ಪೇಪರ್ ಕೂಡ ಅವನಿಗೆ ಗೊತ್ತಿಲ್ಲದೆ ಅದರೊಳಗೇ ಹೋಗುತ್ತದೆ. ಕಾರನ್ನು ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಮುಳುಗುತ್ತಾ ಮುಳುಗುತ್ತಾ ಕಾರು ಒಂದು ಗಳಿಗೆ ನಿಂತುಬಿಡುತ್ತದೆ. ಆ ಗಳಿಗೆಯಲ್ಲಿ ನೀವು ‘ಅಯ್ಯೋ, ಮುಳುಗಲಿ’ ಅಂದುಕೊಂಡಿರಿ ತಾನೇ? ಈಗಷ್ಟೇ ಕೊಲೆಯಾದವಳ ಹೆಣ ಅದರಲ್ಲಿದೆ, ಆದರೂ ನಾವು ಅದನ್ನು ಮುಚ್ಚಿಹಾಕುವವನ ಪಕ್ಷ ಸೇರಿಬಿಟ್ಟಿದ್ದೇವೆ. ಚಾಕೊಲೇಟ್ ಸಿರಪ್‌ಗಿಂತ ದೊಡ್ಡ ಕೈಚಳಕ ಇದು.

‘ವರ್ಟಿಗೋ’ ಜಗತ್ತಿನ ಅತಿ ಶ್ರೇಷ್ಠ ಚಿತ್ರ ಅಂತಾರೆ. ನನಗೆ ನಿದ್ದೆ ಬಂತು. ನನ್ನಲ್ಲೇ ಏನಾದ್ರೂ ದೋಷವೇ?
(ಬೆಂಗಳೂರಿನ ಓದುಗರು)

ದೋಷವೇನಿಲ್ಲ. 1958ರಲ್ಲಿ ಬಿಡುಗಡೆಯಾದಾಗಲೂ ಬಹಳಷ್ಟು ವಿಮರ್ಶಕರು ಮೂಗು ಮುರಿದಿದ್ದರು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ಮತದಾನದಲ್ಲಿ 2012ರಲ್ಲಿ ಇದು ಮೊದಲ ಸ್ಥಾನಕ್ಕೆ ಬಂತು, 2022ರಲ್ಲಿ ಎರಡಕ್ಕೆ ಇಳಿಯಿತು. ಆ ಸ್ಥಾನದ ಭಾರ ತಲೆ ಮೇಲಿಟ್ಟುಕೊಂಡು ನೋಡಿದರೆ ನಿದ್ದೆ ಬರೋದು ಸಹಜ.

ಇನ್ನೊಮ್ಮೆ ನೋಡುವುದಾದರೆ ಒಂದೇ ಒಂದು ಕಡೆ ಗಮನ ಇಡಿ. ಮುಕ್ಕಾಲು ಪಾಲಿನ ಹತ್ತಿರ ಬಂದಾಗ ಜೂಡಿ (ಕಿಮ್ ನೊವಾಕ್) ಒಂದು ಪತ್ರ ಬರೆಯುತ್ತಾಳೆ, ಗುಟ್ಟೆಲ್ಲ ನಮಗೆ ಹೇಳಿಬಿಡುತ್ತಾಳೆ, ಪತ್ರ ಹರಿದುಹಾಕುತ್ತಾಳೆ. ಇದರ ಮೂಲ ಫ್ರೆಂಚ್ ಕಾದಂಬರಿಯಲ್ಲಿ ಗುಟ್ಟು ರಟ್ಟಾಗೋದು ಕೊನೆಯಲ್ಲಿ. ಚಿತ್ರದಲ್ಲಿ ಅಷ್ಟು ಮೊದಲೇ ಯಾಕೆ ಹೇಳಬೇಕು ಅಂತ ಆಗ ಹಿಚ್‌ಕಾಕ್ ಸುತ್ತಲಿನವರೇ ತಕರಾರು ತೆಗೆದಿದ್ದರು. ಹೇಳಿದ್ದರಿಂದ ಏನಾಯಿತು ಅಂದರೆ, ಅಲ್ಲಿಂದ ಮುಂದೆ ನಾವು ಜೇಮ್ಸ್ ಸ್ಟುವರ್ಟ್ ಕಣ್ಣಿನಿಂದ ನೋಡುವುದು ಬಿಟ್ಟು ಕಿಮ್ ನೊವಾಕ್ ಕಡೆ ವಾಲುತ್ತೇವೆ. ಆ ಸೂಟ್ ಹಾಕಿಕೋ, ಕೂದಲಿಗೆ ಆ ಬಣ್ಣ ಹಚ್ಚಿಕೋ, ಹಾಗಲ್ಲ ಹೀಗೆ ಕಟ್ಟಿಕೋ ಅಂತ ಅವನು ಪೀಡಿಸುವಾಗ ಪ್ರೇಮಿ ಥರ ಕಾಣುವುದಿಲ್ಲ, ಭಯ ಹುಟ್ಟಿಸುತ್ತಾನೆ. ಗುಟ್ಟನ್ನು ಕೊನೆಗೆ ಇಟ್ಟಿದ್ದರೆ ಇದೊಂದೂ ಇರುತ್ತಿರಲಿಲ್ಲ.

ಸಸ್ಪೆನ್ಸ್ ಚಿತ್ರದಲ್ಲಿ ಹಾಡು ಇರಬಾರದು ಅಂತ ನಮ್ಮ ಮನೆಯಲ್ಲಿ ವಾದ. ಹಿಚ್‌ಕಾಕ್ ಚಿತ್ರದಲ್ಲಿ ಹಾಡಿದೆಯೇ?
(ದಾವಣಗೆರೆಯ ಓದುಗರು)

ಇದೆ, ಅದೂ ಆಸ್ಕರ್ ಗೆದ್ದ ಹಾಡು. 1956ರ ‘ದಿ ಮ್ಯಾನ್ ಹೂ ನ್ಯೂ ಟೂ ಮಚ್’ನಲ್ಲಿ ಡೋರಿಸ್ ಡೇ ಹಾಡುವ ‘ಕೆ ಸೆರಾ ಸೆರಾ’. ಮೊದಲು ಅಮ್ಮ ಮಗ ತಮಾಷೆಗೆ ಹಾಡಿಕೊಳ್ಳುತ್ತಾರೆ. ಕೊನೆಯಲ್ಲಿ ಅಪಹರಣಕ್ಕೆ ಸಿಕ್ಕ ಮಗ ಅದೇ ಕಟ್ಟಡದಲ್ಲಿ ಎಲ್ಲೋ ಇದ್ದಾನೆ, ಅವನಿಗೆ ಕೇಳಲಿ ಅಂತ ಅವಳು ಸಭ್ಯರೆಲ್ಲ ಕೂತ ಕೋಣೆಯಲ್ಲಿ ಗಂಟಲು ಹರಿಯುವಂತೆ ಹಾಡುತ್ತಾಳೆ. ಅದಕ್ಕೂ ಮುಂಚೆ ಲಂಡನ್ನಿನ ಆಲ್ಬರ್ಟ್ ಹಾಲ್‌ನ ಸಂಗೀತ ಕಚೇರಿ ಇದೆ. ತಾಳ ಬಡಿದ ಕ್ಷಣಕ್ಕೆ ಗುಂಡು ಹಾರುತ್ತದೆ ಅಂತ ನಮಗೆ ಗೊತ್ತು, ತಾಳದವನು ಕೂತಿದ್ದಾನೆ, ಎದ್ದ, ತಾಳ ಕೈಗೆತ್ತಿಕೊಂಡ... ಸುಮಾರು ಹನ್ನೆರಡು ನಿಮಿಷ ಮಾತೇ ಇಲ್ಲ. ಮನೆಯ ವಾದದಲ್ಲಿ ಹಾಡಿನ ಪರ ನಿಂತವರು ಗೆದ್ದರು ಅಂತ ಹೇಳಿ, ಹಾಡಿಗೆ ಕತೆಯಲ್ಲಿ ಕೆಲಸ ಇದ್ದರೆ ಮಾತ್ರ.

ನಟಿ ಟಿಪ್ಪಿ ಹೆಡ್ರೆನ್‌ಗೆ ಆತ ಕಿರುಕುಳ ಕೊಟ್ಟ ಎಂದು ಓದಿದೆ. ಇದು ಗೊತ್ತಾದ ಮೇಲೆ ಸಿನಿಮಾ ನೋಡಬೇಕೆ?
(ಹೆಸರು ಬೇಡ ಎಂದವರು)

ಅವರು 2016ರ ತಮ್ಮ ಆತ್ಮಕಥೆಯಲ್ಲಿ ಆತ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಎಂದು ನೇರವಾಗಿ ಬರೆದಿದ್ದಾರೆ. ‘ದಿ ಬರ್ಡ್ಸ್’ (1963) ಅಟ್ಟದ ದೃಶ್ಯಕ್ಕೆ ಯಂತ್ರದ ಹಕ್ಕಿ ಎಂದು ನಂಬಿಸಿ, ದಿನಗಟ್ಟಲೆ ನಿಜವಾದ ಹಕ್ಕಿಗಳನ್ನು ಅವರ ಮೇಲೆ ಎಸೆದರು. ಕಣ್ಣಿನ ಹತ್ತಿರ ಗಾಯವಾಯಿತು. ಆ ದೃಶ್ಯದಲ್ಲಿ ಕಾಣುವ ಭಯ ಪೂರ್ತಿ ನಟನೆಯಲ್ಲ. ನೋಡಬೇಕೋ ಬೇಡವೋ ನೀವೇ ತೀರ್ಮಾನಿಸಿ. ನಾನು ನೋಡುತ್ತೇನೆ, ಆದರೆ ಅಟ್ಟದ ದೃಶ್ಯವನ್ನು ಮೊದಲಿನ ಹಾಗೆ ಮೆಚ್ಚಿಕೊಂಡು ನೋಡಲು ಆಗುವುದಿಲ್ಲ. ಅದೇ ಚಿತ್ರದಲ್ಲಿ ಶಾಲೆಯ ಹೊರಗೆ ಅವರು ಸಿಗರೇಟ್ ಸೇದುತ್ತಾ ಕೂತಿರುವಾಗ ಬೆನ್ನ ಹಿಂದೆ ಒಂದೊಂದೇ ಕಾಗೆ ಬಂದು ಕೂರುತ್ತದಲ್ಲ, ಅಲ್ಲಿ ಯಾರಿಗೂ ಗಾಯ ಮಾಡದೆಯೇ ಅಷ್ಟು ಭಯ ಹುಟ್ಟಿಸಿದ್ದಾನೆ.

ಹೆಂಡತಿಯೂ ಸಿನಿಮಾದವರೇ ಅಂತೆ, ನಿಜವೇ?
(ಹಾಸನದ ಓದುಗರು)

ನಿಜ. ಆಲ್ಮಾ ರೆವಿಲ್. 1926ರಲ್ಲಿ ಮದುವೆಯಾಗುವ ಮೊದಲೇ ಎಡಿಟಿಂಗ್ ಗೊತ್ತಿದ್ದವರು. ‘ಸೈಕೋ’ದಲ್ಲಿ ಸತ್ತು ಬಿದ್ದ ಜಾನೆಟ್ ಲೀ ಕೊಂಚ ಅಲುಗಿದ್ದು ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ, ಆಲ್ಮಾ ಕಣ್ಣಿಗೆ ಬಿತ್ತು. 1979ರಲ್ಲಿ ಸನ್ಮಾನ ಮಾಡಿದಾಗ ಹಿಚ್‌ಕಾಕ್ ನಾಲ್ಕು ಜನರಿಗೆ ಥ್ಯಾಂಕ್ಸ್ ಹೇಳಿದ: ಒಬ್ಬ ಎಡಿಟರ್, ಒಬ್ಬ ಚಿತ್ರಕತೆಗಾರ್ತಿ, ಮಗಳ ತಾಯಿ, ಒಬ್ಬ ಅಡುಗೆಯಾಕೆ. ನಾಲ್ವರ ಹೆಸರೂ ಆಲ್ಮಾ ರೆವಿಲ್ ಅಂದ. ಆಸ್ಕರ್‌ಗೆ ನಿರ್ದೇಶಕನಾಗಿ ಐದು ಸಲ ನಾಮನಿರ್ದೇಶನಗೊಂಡರೂ ಒಮ್ಮೆಯೂ ಗೆಲ್ಲಲಿಲ್ಲ, 1968ರಲ್ಲಿ ಗೌರವದ ಥಾಲ್ಬರ್ಗ್ ಪ್ರಶಸ್ತಿ ಕೊಟ್ಟಾಗ ಒಂದೇ ಸಾಲು ಥ್ಯಾಂಕ್ಸ್ ಹೇಳಿ ಹೊರಟವನು ಈತನೇ.

ಯಾವುದನ್ನು ನೋಡದಿದ್ದರೂ ನಷ್ಟವಿಲ್ಲ?
(ಕಲಬುರಗಿಯ ಓದುಗರು)

‘ಟೋಪಾಜ್’ ಬಿಡಿ. ‘ಅಂಡರ್ ಕ್ಯಾಪ್ರಿಕಾರ್ನ್’ ಕೂಡ. ‘ಟೋರ್ನ್ ಕರ್ಟನ್’ನಲ್ಲಿ ತೋಟದ ಮನೆಯ ಅಡುಗೆ ಕೋಣೆಯ ಕೊಲೆ ನೋಡಿ ಮುಚ್ಚಿಬಿಡಿ. ಒಬ್ಬನನ್ನು ಕೊಲ್ಲೋದು ಎಷ್ಟು ಕಷ್ಟದ ಕೆಲಸ ಅಂತ ಅಲ್ಲಿ ಕಾಣುತ್ತದೆ.

ಬಹಳಷ್ಟು ಚಿತ್ರಗಳಲ್ಲಿ ಹಿಚ್‌ಕಾಕ್ ಬಂದು ಹೋಗುತ್ತಾನಲ್ಲ, ‘ಲೈಫ್‌ಬೋಟ್’ನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ!
(ಪುತ್ತೂರಿನ ಓದುಗರು)

ಇಡೀ ಚಿತ್ರ ನಡುಸಮುದ್ರದ ದೋಣಿಯಲ್ಲಿ ನಡೆಯುತ್ತದೆ, ಪಾಪ ಎಲ್ಲಿಂದ ಬರಬೇಕು! ದೋಣಿಯಲ್ಲಿ ಒಬ್ಬ ಹಳೇ ಪೇಪರ್ ಓದುತ್ತಾನೆ ನೋಡಿ, ಅದರಲ್ಲಿ ತೂಕ ಇಳಿಸುವ ಔಷಧಿಯ ಜಾಹೀರಾತಿದೆ. ಔಷಧಿಗೆ ಮೊದಲು, ಔಷಧಿಯ ನಂತರ ಅಂತ ಎರಡು ಫೋಟೋ. ಎರಡರಲ್ಲೂ ಇರುವ ಡೊಳ್ಳುಹೊಟ್ಟೆಯವನು, ಹೊಟ್ಟೆ ಕರಗಿದವನು, ಇಬ್ಬರೂ ಆತನೇ. ಅಂಥ ಔಷಧಿ ಇರಲೇ ಇಲ್ಲ, ಆದರೂ ಎಲ್ಲಿ ಸಿಗುತ್ತೆ ಅಂತ ಕೇಳಿ ಜನ ಪತ್ರ ಬರೆದರು ಎಂದು ಹಿಚ್‌ಕಾಕ್ ಹೇಳಿಕೊಂಡಿದ್ದಾನೆ.