ರಿಯಾದ್‌ಗೆ ಹೊರಟಿರುವ ವಿರಾಜಪೇಟೆಯ ತಮ್ಮನಿಗೆ

'ಇಕ್ಕಾ (ಅಣ್ಣಾ), ಸೌದಿಯ ರಿಯಾದ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ದೊಡ್ಡ ಧರ್ಮಪಂಡಿತರಾದ ಮುಫ್ತಿ ಹೇಳಿದ್ದೇ ಕಾನೂನಂತೆ. ನಮ್ಮ ಕೊಡಗಿನ ಎಮ್ಮೆಮಾಡು ದರ್ಗಾದ ಉರೂಸಿಗೆ ಹೋಗಿ ಬೆಳೆದ ನನ್ನಂಥವನಿಗೆ ಕಷ್ಟ ಆಗಲ್ವಾ?' ಅಂತ ಕೇಳಿದ್ದೀಯ. ಸಂಬಳ, ಇಕಾಮಾ (ಇಲ್ಲಿ ಇರಲು ಬೇಕಾದ ಪರವಾನಗಿ), ರೂಮಿನ ಬಾಡಿಗೆ ಎಲ್ಲ ಫೋನಿನಲ್ಲಿ ಮಾತಾಡೋಣ. ಇದಕ್ಕೆ ಮಾತ್ರ ಬರೆದೇ ಉತ್ತರ ಕೊಡುತ್ತೇನೆ.

ನಾನು ನಾಪೋಕ್ಲು ಕಡೆಯವನು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಬರುವಾಗ ನನಗೂ ಇದೇ ಭಯ ಇತ್ತು.

ನಾನು ಬರುವ ಮೊದಲೇ, 1999ರಲ್ಲಿ, ಆಗಿನ ಮುಫ್ತಿ ಶೇಖ್ ಇಬ್ನ್ ಬಾಝ್ ತೀರಿಕೊಂಡಿದ್ದರು. ಇಪ್ಪತ್ತರ ಹೊತ್ತಿಗೆ ಕಣ್ಣು ಕಳೆದುಕೊಂಡವರು, ಕಿವಿಯಲ್ಲಿ ಕೇಳಿಯೇ ಕಲಿತವರು. ಖಾಜಿ, ಅಂದರೆ ಶರೀಅತ್ ನ್ಯಾಯಾಧೀಶ ಆದರು, ಮದೀನಾದ ಇಸ್ಲಾಮಿಕ್ ಯೂನಿವರ್ಸಿಟಿ ನಡೆಸಿದರು, 1993ರಲ್ಲಿ ಗ್ರ್ಯಾಂಡ್ ಮುಫ್ತಿ, ಅಂದರೆ ದೇಶದ ಮುಖ್ಯ ಮುಫ್ತಿ ಆದರು. ಅವರ ನಂತರ ಬಂದ ಅಬ್ದುಲ್ ಅಝೀಝ್ ಆಲ್ ಶೇಖ್ ಅವರಿಗೂ ಸಣ್ಣ ವಯಸ್ಸಿನಲ್ಲೇ ಕಣ್ಣು ಹೋಗಿತ್ತು. ನನ್ನ ಕಾಲದ ಮುಫ್ತಿ ಅಂದರೆ ಅವರೇ. ಮೂವತ್ತಕ್ಕೂ ಜಾಸ್ತಿ ವರ್ಷ ಹಜ್‌ನಲ್ಲಿ ಅರಫಾ ದಿನದ ಖುತ್ಬಾ (ಪ್ರವಚನ) ಓದಿದವರು. ರಿಯಾದ್‌ನ ಬತ್ಹಾ ಪೇಟೆಯಿಂದ ನಡೆದೇ ಹೋಗಬಹುದಾದ ಇಮಾಮ್ ತುರ್ಕಿ ಮಸೀದಿಯಲ್ಲಿ ಶುಕ್ರವಾರ ಅವರ ದನಿ ಕೇಳಿದ್ದೇನೆ. ಅರಬ್ಬಿ ಅರ್ಧ ಅರ್ಥವಾಗುತ್ತಿತ್ತು, ಅಷ್ಟೇ.

ಮುಫ್ತಿ ಹೇಳಿದ್ದೇ ಕಾನೂನಾ? ಒಂದು ಕತೆ ಹೇಳುತ್ತೇನೆ. ನಮ್ಮ ರೂಮಿನಲ್ಲಿ ಒಂದು ಚೆಸ್ ಬೋರ್ಡ್ ಇತ್ತು. ಒಂದು ಆನೆ ಕಳೆದುಹೋಗಿ, ಆ ಜಾಗದಲ್ಲಿ ನೀರಿನ ಬಾಟಲಿಯ ಮುಚ್ಚಳ ಇಟ್ಟು ಆಡುತ್ತಿದ್ದೆವು. 2016ರ ಜನವರಿಯಲ್ಲಿ ಮುಫ್ತಿಯ ಮಾತೊಂದು ಎಲ್ಲರ ಮೊಬೈಲಿನಲ್ಲಿ ಓಡಾಡಿತು: ಚೆಸ್ ಹರಾಮ್ (ಧರ್ಮದಲ್ಲಿ ನಿಷಿದ್ಧ), ಸಮಯವೂ ಹಾಳು ದುಡ್ಡೂ ಹಾಳು ಅಂತ. ನಮ್ಮ ಪೈಕಿ ಒಬ್ಬ ಬೋರ್ಡನ್ನು ಮಂಚದ ಕೆಳಗೆ ತಳ್ಳಿಬಿಟ್ಟ. ಮರುವರ್ಷ ಡಿಸೆಂಬರ್‌ನಲ್ಲಿ ಇದೇ ರಿಯಾದ್‌ನಲ್ಲಿ, ದೊರೆಯ ಹೆಸರಿನಲ್ಲೇ, ವಿಶ್ವ ರ‍್ಯಾಪಿಡ್ ಚೆಸ್ ನಡೆಯಿತು. ಗೆದ್ದವರು ನಮ್ಮ ಆನಂದ್! ಮಂಚದ ಕೆಳಗಿನ ಬೋರ್ಡ್ ಅವತ್ತೇ ಹೊರಗೆ ಬಂತು.

ಗೊತ್ತಾಯ್ತಲ್ವಾ? ಮುಫ್ತಿ ಫತ್ವಾ, ಅಂದರೆ ಧರ್ಮದ ಅಭಿಪ್ರಾಯ ಕೊಡುತ್ತಾರೆ, ಹುಕುಂ ಬರುವುದು ಅರಮನೆಯಿಂದ. ಹೆಂಗಸರು ಕಾರು ಓಡಿಸುವುದು ಬೇಡ ಅಂತ ಇಬ್ನ್ ಬಾಝ್ ಹೇಳಿದ್ದರು. 2018ರಲ್ಲಿ ಅರಮನೆ ಅವರಿಗೆ ಓಡಿಸಲು ಬಿಟ್ಟಿತು.

ಹಾಗಂತ ಮುಫ್ತಿಗಳ ಮಾತು ಸುಮ್ನೆ ಗಾಳಿಗೆ ಹೋಗುತ್ತಿತ್ತು ಅಂತಲ್ಲ. ರಂಝಾನ್ ಕೊನೆಗೆ ನೋಡು. ಫಿತ್ರ್ ಝಕಾತನ್ನು (ಹಬ್ಬಕ್ಕೆ ಮೊದಲು ಬಡವರಿಗೆ ಕೊಡುವ ದಾನ) ದುಡ್ಡಾಗಿ ಕೊಡಬೇಡಿ, ಧಾನ್ಯವಾಗಿಯೇ ಕೊಡಿ ಅಂತ ಮುಫ್ತಿ ಹೇಳುತ್ತಾ ಬಂದಿದ್ದರಿಂದ ರಸ್ತೆ ಬದಿಯಲ್ಲೆಲ್ಲ ಅಕ್ಕಿ ಚೀಲ. ಒಬ್ಬರಿಗೆ ಸುಮಾರು ಮೂರು ಕಿಲೋ ಲೆಕ್ಕ. ನಾನು ಬಂದ ಮೊದಲ ವರ್ಷ, ಸಂಬಳ ಮೂರು ತಿಂಗಳು ನಿಂತಿದ್ದಾಗ, ನಮ್ಮ ರೂಮಿಗೂ ಯಾರೋ ಮೂರು ಚೀಲ ಇಟ್ಟು ಹೋದರು. ಕೊಡುವವನಾಗಿ ಬಂದವನು ತೆಗೆದುಕೊಳ್ಳುವವನಾದೆ ಅಂತ ಅವತ್ತು ಅತ್ತಿದ್ದೆ. ಅನ್ನ ಮಾತ್ರ ಚೆನ್ನಾಗಿತ್ತು.

ಇನ್ನು ನಿನ್ನ ಉರೂಸಿನ ಮಾತು. ದರ್ಗಾ, ನೇರ್ಚೆ (ಹರಕೆ) ಇವನ್ನು ಇಲ್ಲಿನ ಉಲಮಾಗಳು (ಧರ್ಮಪಂಡಿತರು) ಒಪ್ಪುವುದಿಲ್ಲ. ಗೋರಿಗೆ ಹೆಸರು ಕೂಡ ಬರೆಯುವುದಿಲ್ಲ, ದೊರೆ ಅಬ್ದುಲ್ಲಾರನ್ನೂ ಹಾಗೆಯೇ ಮಣ್ಣು ಮಾಡಿದರು. ಆದರೆ ನಿನ್ನನ್ನು ಹಿಡಿದು ನೀನು ಯಾವ ಉರೂಸಿಗೆ ಹೋಗಿದ್ದೆ ಅಂತ ಯಾರೂ ಕೇಳುವುದಿಲ್ಲ. ನೀನೂ ವಾದಕ್ಕೆ ಇಳಿಯಬೇಡ, ಮೊಬೈಲಿನಲ್ಲಂತೂ ಬೇಡವೇ ಬೇಡ.

ನನ್ನ ಕಾಲದ ಆ ಮುಫ್ತಿ, ಆಲ್ ಶೇಖ್, 2025ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ಅವತ್ತು ಇಲ್ಲಿನ ರಾಷ್ಟ್ರೀಯ ದಿನ, ಊರೆಲ್ಲ ಹಸಿರು ಬಾವುಟ. ಅಸರ್ (ಸಂಜೆಯ ನಮಾಝ್) ಆದಮೇಲೆ ಅದೇ ತುರ್ಕಿ ಮಸೀದಿಯಲ್ಲಿ ಜನಾಝಾ, ಅಂದರೆ ಸತ್ತವರಿಗಾಗಿ ಮಾಡುವ ನಮಾಝ್. ಅದರ ಮರುತಿಂಗಳು ಸಾಲಿಹ್ ಅಲ್ ಫೌಝಾನ್ ಅವರನ್ನು ಮುಫ್ತಿಯಾಗಿ ನೇಮಿಸಿದರು. ನೀನು ಬಂದಾಗ ಕೇಳುವ ಹೆಸರು ಅದು.

ಅಮ್ಮ ಕಟ್ಟಿದ ತಾಯತ ಇದ್ದರೆ ಮನೆಯಲ್ಲೇ ಬಿಟ್ಟು ಬಾ, ಅದನ್ನೂ ಇಲ್ಲಿನ ಉಲಮಾಗಳು ಒಪ್ಪುವುದಿಲ್ಲ. ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಬರುವಾಗ ಒಂದು ಕಿಲೋ ಕಾಫಿ ಪುಡಿ ತಾ, ಚಿಕೋರಿ ಇಲ್ಲದ್ದು.